ಸಾಸ್ವೆಹಳ್ಳಿಯಿಂದ ಕೆಳದಿಯವರೆಗೆ

ಶಿವಮೊಗ್ಗೆಯ ಕೆಳಗೆ ಕೂಡಲಿ ಎಂಬ ಕ್ಷೇತ್ರದಲ್ಲಿ ತುಂಗೆಯೂ ಭದ್ರೆಯೂ ಕೂಡಿ, ಒಂದೇ ಹೊಳೆಯಾಗಿ ಬಡಗ ದಿಕ್ಕಿಗೆ ಹರಿದು ಹೊನ್ನಾಳಿಯನ್ನು ಸೇರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿ. ಆ ಸೀಮೆಯಲ್ಲಿ ಸಾಸ್ವೆಹಳ್ಳಿ ಎಂಬ ಹೋಬಳಿಯ ಊರೊಂದುಂಟು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಗುವವರೆಗೂ ಇದು ಹೊನ್ನಾಳಿಯೊಡನೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದಿತು. ಊರಿನ ಹೆಸರಿನಲ್ಲಿ ಸಾಸಿವೆ ಇದೆ. ಆದರೆ ಇಂದು ಅಲ್ಲಿ ಸಾಸಿವೆಯನ್ನು ನೋಡಬೇಕೆಂಬವರು ಅಡಿಗೆಮನೆಯ ಒಗ್ಗರಣೆ ಡಬ್ಬಿಯನ್ನು ತೆರೆಯಿಸಬೇಕೇ ಹೊರತು ಹೊಲಕ್ಕೆ ಹೋಗಿ ಫಲವಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು 1960ರ ದಶಕದಲ್ಲಿ ಪೂರ್ತಿಯಾಗಿ, ನಾಲೆಯ ನೀರು ಈ ಸೀಮೆಗೆ ಹರಿದ ಮೇಲೆ ಭತ್ತ ಬಂದಿತು. ಭತ್ತದ ಹಿಂದೆ ಅಡಿಕೆ ಬಂದಿತು. ನೀರು ಏರದ ಕಡೆ ಮೆಕ್ಕೆಜೋಳ ನಿಂತಿದೆ. ಹೆಸರು ಮಾತ್ರ ಹಳೆಯ ಬೆಳೆಯದೇ ಉಳಿದಿದೆ. ಯಾವನೋ ಒಬ್ಬ ಒಕ್ಕಲಿಗನು ಎಂದೋ ಇಲ್ಲಿ ಸಾಸಿವೆ ಬಿತ್ತಿದನೆಂದೂ, ಆ ಹಳದಿ ಹೂವಿನ ಹೊಲವೇ ದಾರಿಹೋಕರಿಗೆ ಊರಿನ ಗುರುತಾಯಿತೆಂದೂ ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಅವನಾರು, ಅವನ ಮಡದಿ ಯಾರು, ಎತ್ತು ಎಷ್ಟಿದ್ದುವು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ನಮ್ಮ ಕನ್ನಡನಾಡಿನ ಹಳ್ಳಿಗಳಲ್ಲಿ ಕರುಗಲ್ಲು ಎಂಬುದನ್ನು ಕಾಣಬಹುದು. ಊರು ಕಟ್ಟುವಾಗ ಮೊದಲು ನೆಟ್ಟ ಕಲ್ಲು ಅದು. ದೊಡ್ಡ ಹಬ್ಬಗಳಲ್ಲಿ ಅದಕ್ಕೆ ನೀರು ಹೊಯ್ದು, ಅರಿಸಿನ ಕುಂಕುಮವಿಟ್ಟು, ಕಾಯಿ ಒಡೆಯುವರು. ಊರಿನ ಹುಟ್ಟಿಗೆ ಸಾಕ್ಷಿಯಾದ ಆ ಕಲ್ಲಿನ ಮೇಲೆ ಅಕ್ಷರವಿರುವುದಿಲ್ಲ. ಅಕ್ಷರವಿರುವ ಕಲ್ಲುಗಳು ಬೇರೆ. ಹೊನ್ನಾಳಿ, ಚನ್ನಗಿರಿ, ಶಿಕಾರಿಪುರ, ಶಿವಮೊಗ್ಗ ಈ ತಾಲ್ಲೂಕುಗಳ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಆ ಬಗೆಯ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಟ್ಟವನ ಹೆಸರಿರುತ್ತದೆ, ಪಡೆದವನ ಹೆಸರಿರುತ್ತದೆ, ತುರುಗಳನ್ನು ಮರಳಿಸಿ ಮಡಿದ ವೀರನ ಹೆಸರಿರುತ್ತದೆ. ಕೊಟ್ಟುದನ್ನು ಅಪಹರಿಸಿದವನಿಗೆ ಶಾಪವೂ ಇರುತ್ತದೆ. ಆ ಭೂಮಿಯ ಮುಳ್ಳುಕಂಟಿಯನ್ನು ಮೊದಲು ಕಡಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಬೇಕೆಂದು ಯಾರಿಗೂ ತೋರಿದಂತಿಲ್ಲ.

ಇದರಲ್ಲಿ ವಿಚಿತ್ರವೊಂದುಂಟು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ, ಮರದ ಬುಡವನ್ನು ಕಡಿದು ನೆಲವನ್ನು ಹಸನು ಮಾಡಿದವನಿಗೆ ಗದ್ದೆಯು ಸಲ್ಲುವುದೆಂದೂ, ಬಾಣವನ್ನು ನೆಟ್ಟವನಿಗೆ ಮೃಗವು ಸಲ್ಲುವುದೆಂದೂ ಪೂರ್ವಿಕರ ಅಭಿಪ್ರಾಯವನ್ನು ಹೇಳಿದೆ. ಅದೇ ಸ್ಥಳದಲ್ಲಿ ಪೃಥುಚಕ್ರವರ್ತಿಯ ಪ್ರಸ್ತಾಪವೂ ಬರುತ್ತದೆ. ಉಬ್ಬುತಗ್ಗಾಗಿದ್ದ ನೆಲವನ್ನು ಸಮಮಾಡಿ, ಗೋರೂಪದ ಭೂಮಿಯಿಂದ ಸಸ್ಯಗಳನ್ನು ಕರೆದವನೆಂದು ಪುರಾಣಗಳು ಕೊಂಡಾಡುವ ಆ ಪೃಥುವಿನಿಂದಲೇ ಪೃಥ್ವಿಗೆ ಆ ಹೆಸರು. ಎಂದರೆ ಮೊದಲ ಬೇಸಾಯಗಾರನು ರಾಜನಾದರೆ ಭೂಮಂಡಲಕ್ಕೆಲ್ಲ ಅವನ ಹೆಸರು. ರಾಜನಾಗದಿದ್ದರೆ ಅವನು ಕಡಿದ ಬುಡಕ್ಕೂ ಇಲ್ಲ! ಶಾಸ್ತ್ರವು ಹೊಲವನ್ನು ಅವನಿಗೆ ಬರೆದುಕೊಟ್ಟಿತು. ಬರೆದ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಉಳಿಯಿತು.

ಸಾಸ್ವೆಹಳ್ಳಿಯ ಕಡೆಯ ವೃದ್ಧ ರೈತರೊಬ್ಬರನ್ನು ನಾವು ಈ ವಿಷಯವಾಗಿ ವಿಚಾರಿಸಿದೆವು. ನಾಲೆಯ ಏರಿಯ ಮೇಲೆ ಕುಳಿತಿದ್ದ ಅವರು ಬಾಯಿಯ ಎಲೆಯಡಿಕೆಯನ್ನು ಉಗುಳಿ ಬಂದು, “ಮೇಷ್ಟ್ರೇ, ನಮ್ಮಪ್ಪನ ಹೆಸರು ಪಹಣ್ಯಾಗ ಐತಿ. ಅಜ್ಜನ ಹೆಸರು ಬಾಯಾಗ ಐತಿ. ಅವರಪ್ಪನ ಹೆಸರು ದೇವರ ಜಗುಲಿಗೇ ಗೊತ್ತಿರಬೇಕು” ಎಂದರು. ಮೂರು ತಲೆಯ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಒಪ್ಪಿಸಿದವರನ್ನು ನಾವು ಮತ್ತೆ ಕಂಡಿಲ್ಲ. ತಮ್ಮ ಹೊಲದ ಬದುವಿನಲ್ಲಿರುವ ಬನ್ನಿಯ ಮರವನ್ನು ತೋರಿಸಿ, “ಇದನ್ನ ಹಚ್ಚಿದೋರು ಹಿರೇರು” ಎಂದು ಮಾತ್ರ ಅವರು ಬಲ್ಲರು. ಇದು ಅವರ ಮರೆವೆಂದು ಹೇಳಲಾಗದು. ಈ ಸೀಮೆ ಒಬ್ಬರ ಕೈಯಲ್ಲಿ ನೆಮ್ಮದಿಯಾಗಿ ಇದ್ದುದಲ್ಲ. ಬಸವಾಪಟ್ಟಣದ ನಾಯಕರು, ಬಿಜಾಪುರದವರು, ಮೊಗಲರು, ಬಿದನೂರಿನವರು, ಮೈಸೂರಿನವರು ಎಲ್ಲರೂ ಇತ್ತ ಕೈ ಚಾಚಿದರು. 1791ರಲ್ಲಿ ಪರಶುರಾಮಭಾವುವಿನ ಮರಾಠಾ ದಂಡು ಶಿವಮೊಗ್ಗದ ಸೀಮೆಯನ್ನು ಸೂರೆಗೊಂಡಿತು. ದಂಡು ಬಂದಾಗ ರೈತನು ಕಟ್ಟಿಕೊಂಡು ಓಡುವುದು ಮಕ್ಕಳನ್ನೂ ಬಿತ್ತನೆಯ ಬೀಜವನ್ನೂ ಹೊರತು ವಂಶಾವಳಿಯನ್ನಲ್ಲ. ಕಂದಾಯದ ಲೆಕ್ಕಗಳಲ್ಲಿ ಬೇಚರಾಕು ಗ್ರಾಮವೆಂದು ಬರೆಯುತ್ತಾರಷ್ಟೆ. ಜನವಿಲ್ಲದೆ ಹೆಸರು ಮಾತ್ರ ಉಳಿದ ಊರೆಂದು ಅದರ ಅರ್ಥ. ಅಂತಹ ಊರುಗಳಿಗೆ ಎರಡನೆಯ ಸಲ ಬಂದು ಮುಳ್ಳು ಕಡಿದವರೂ ಇದ್ದಾರೆ. ಅವರನ್ನು ಮೊದಲಿಗರೆನ್ನಬೇಕೋ ಎರಡನೆಯವರೆನ್ನಬೇಕೋ!

ಹಾಗಾದರೆ ತುಂಗಭದ್ರೆಯ ಈ ಮೇಲುಸೀಮೆಯಲ್ಲಿ ನೇಗಿಲು ಹಿಡಿದ ಮೂಲಪುರುಷನ ಸಂಸಾರದ ಕಥೆ ಎಲ್ಲಿಯೂ ಬರೆದಿಲ್ಲವೆ ಎಂದರೆ, ಒಂದು ಮನೆತನದ್ದು ಮಾತ್ರ ಬರೆದಿದೆ. ಅದು ಕೆಳದಿಯ ಮನೆತನ. ಸಾಸ್ವೆಹಳ್ಳಿಯನ್ನು ಬಿಟ್ಟು ಹೊನ್ನಾಳಿಗೆ ಬಂದು, ಅಲ್ಲಿಂದ ಶಿಕಾರಿಪುರದ ಮಾರ್ಗವಾಗಿ ಸಾಗರಕ್ಕೆ ನಾವು ಹೊರಟುದು ಆ ಕಥೆಯ ನೆಲವನ್ನು ಕಾಣಬೇಕೆಂಬ ಹಂಬಲದಿಂದ. ಆಶ್ವಯುಜ ಮಾಸ, ಮಳೆ ಹಿಂದೆಗೆದಿತ್ತು. ಹೊನ್ನಾಳಿಯ ಸುತ್ತಿನ ಬಯಲು ಹಿಂದೆ ಸರಿದಂತೆಲ್ಲ ಮಾರ್ಗದ ಎರಡು ಕಡೆ ಕಾಡು ದಟ್ಟವಾಗುತ್ತದೆ; ಶಿಕಾರಿಪುರ ದಾಟಿದ ಮೇಲೆ ಮನೆಯ ಮಾಡು ಇಳಿಜಾರಾಗುತ್ತದೆ, ಅಂಗಳಕ್ಕೆ ಅಡಿಕೆಯ ಚಪ್ಪರ ಬರುತ್ತದೆ, ಜನರ ಮಾತಿನ ಧಾಟಿಯೂ ತಿರುಗುತ್ತದೆ. ಬಸ್ಸಿನವನ ಅವಸರದಿಂದ ಇನ್ನೇನನ್ನೂ ನೋಡಲಾಗಲಿಲ್ಲ.

ಕೆಳದಿ ಇಂದು ಸಾಗರದ ಸಮೀಪದ ಒಂದು ಹಳ್ಳಿ. ಅಲ್ಲಿ ರಾಮೇಶ್ವರ, ವೀರಭದ್ರರ ಗುಡಿಗಳು ಮಗ್ಗುಲು ಮಗ್ಗುಲಾಗಿ ಇವೆ. ವೀರಭದ್ರನ ಗುಡಿಯ ಒಳಮಾಳಿಗೆಯಲ್ಲಿ ಕೆತ್ತಿದ ಗಂಡಭೇರುಂಡವನ್ನು ನೋಡುವುದಕ್ಕೆಂದೇ ಜನರು ಬರುತ್ತಾರೆ. ನಾವು ನೋಡಬೇಕೆಂದಿದ್ದುದು ಗಂಡಭೇರುಂಡಕ್ಕಿಂತ ಮೊದಲಿನದನ್ನು. ಹಸು, ಹುತ್ತ, ನೇಗಿಲು.

ಕಥೆ ಹೀಗಿದೆ. ಕೆಳದಿಯ ಬಳಿಯ ಪಳ್ಳಿಬೈಲಿನಲ್ಲಿ ಬಸವಪ್ಪ, ಬಸವಮಾಂಬೆ ಎಂಬ ದಂಪತಿಗಳು ಬೇಸಾಯ ಮಾಡಿಕೊಂಡಿದ್ದರು. ಅವರ ಮಕ್ಕಳು ಚೌಡಪ್ಪ ಮತ್ತು ಭದ್ರಪ್ಪ. ಅವರ ಮಂದೆಯ ಹಸುವೊಂದು ಒಂದು ಹುತ್ತದ ಮೇಲೆ ತಾನಾಗಿ ಹಾಲು ಕರೆಯುತ್ತಿತ್ತು. ಹುತ್ತವನ್ನು ಅಗೆದಾಗ ಲಿಂಗವು ದೊರೆಯಿತು. ಅಣ್ಣತಮ್ಮಂದಿರು ಅದಕ್ಕೊಂದು ಹುಲ್ಲಿನ ಗುಡಿ ಕಟ್ಟಿದರು. ಅದೇ ಮುಂದೆ ರಾಮೇಶ್ವರ. ಇನ್ನೊಂದು ದಿನ ಚೌಡಪ್ಪನು ಹೊಲದಲ್ಲಿ ಮಲಗಿರಲು ನಾಗರಹಾವು ಅವನ ತಲೆಗೆ ಹೆಡೆಯ ಕೊಡೆ ಹಿಡಿಯಿತು. ಆ ಮೇಲೆ ಹೊಲದಲ್ಲಿ ಹೊನ್ನಿನ ಕೊಪ್ಪರಿಗೆ ದೊರೆಯಿತು. ನೇಗಿಲ ಕುಳಕ್ಕೆ ತಗುಲಿತೆಂದು ಕೆಲವರು, ಹಾವೇ ಜಾಗ ತೋರಿಸಿತೆಂದು ಕೆಲವರು. ನಾಗರಮುರಿ ಎಂಬ ಖಡ್ಗವೂ ಸಿಕ್ಕಿತು. ಹೊನ್ನಿನಿಂದ ಆಳು ಕಟ್ಟಿ, ಸುತ್ತಣ ಸೀಮೆಯನ್ನು ಹಿಡಿದು, ವಿಜಯನಗರದ ಅರಸನ ಕೋಪಕ್ಕೂ ಆಮೇಲೆ ಕೃಪೆಗೂ ಪಾತ್ರರಾಗಿ, ಸುಮಾರು 1500ರ ವೇಳೆಗೆ ಚೌಡಪ್ಪ ಗೌಡನು ಚೌಡಪ್ಪ ನಾಯಕನಾದನು. ಲಿಂಗಣ್ಣ ಕವಿಯ ಕೆಳದಿನೃಪವಿಜಯದಲ್ಲಿ ಈ ವಂಶದ ಚರಿತ್ರೆಯಿದೆ. ಅದೇ ವಂಶದ ಬಸವಪ್ಪ ನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಇದೆ. ಹುತ್ತ, ಹಸು, ನಿಧಿ ಇವು ಕನ್ನಡನಾಡಿನ ಎಷ್ಟೋ ಪಾಳೆಯಗಾರರ ಮನೆಗಳಲ್ಲಿ ಹೇಳುವ ಕಥೆಗಳೇ. ಅವುಗಳನ್ನು ಅಕ್ಷರಶಃ ನಂಬಬೇಕೆಂದು ನಾವು ಯಾರನ್ನೂ ಒತ್ತಾಯಪಡಿಸುವುದಿಲ್ಲ. ಸಿಂಹಾಸನದ ಮೇಲೆ ಕುಳಿತು ಸಂಸ್ಕೃತದಲ್ಲಿ ಗ್ರಂಥ ಬರೆಯಬಲ್ಲ ಅರಸನು ತನ್ನ ಮೂಲವನ್ನು ಸೂರ್ಯನಲ್ಲಿಯೋ ಚಂದ್ರನಲ್ಲಿಯೋ ಹುಡುಕದೆ ಒಕ್ಕಲಿನ ಮನೆಯಲ್ಲಿ ಇಟ್ಟನಲ್ಲ, ಅದು ನಮಗೆ ಮೆಚ್ಚಿಕೆ.

ಆದರೆ ಈ ಕಥೆಯಲ್ಲಿ ಒಂದು ಮುಳ್ಳುಂಟು. ನಿಧಿಯು ಸುಮ್ಮನೆ ಕೈಗೆ ಬರಲಿಲ್ಲ, ನರಬಲಿಯನ್ನು ಬೇಡಿತು. ಆ ಮನೆಯಲ್ಲಿ ಎಡವ, ಮುರಾರಿ ಎಂಬ ಇಬ್ಬರು ಆಳುಗಳಿದ್ದರು. ಒಡೆಯರ ಏಳಿಗೆಗಾಗಿ ತಾವಾಗಿಯೇ ಕೊರಳು ಕೊಟ್ಟರೆಂದು ಕಥೆ ಹೇಳುತ್ತದೆ. ನಾವು ಈ ಭಾಗವನ್ನು ಎಷ್ಟು ಸಲ ಓದಿದರೂ ‘ತಾವಾಗಿಯೇ’ ಎಂಬ ಮಾತಿನಲ್ಲಿ ನಿಂತುಬಿಡುತ್ತೇವೆ. ಮನೆಯ ಅನ್ನ ಉಂಡು, ಮನೆಯ ಕೊಟ್ಟಿಗೆಯಲ್ಲಿ ಮಲಗಿ, ಒಡೆಯನ ಮುಂದೆ ತಲೆಯೆತ್ತಿ ಮಾತನಾಡಲಾರದ ಆಳಿನ ಒಪ್ಪಿಗೆಗೆ ಎಷ್ಟು ತೂಕ? ಕಥೆ ಹೇಳಿದವರು ಒಡೆಯರ ಕಡೆಯವರು. ಎಡವನ ಹೆಂಡತಿ ಹೇಳಿದ್ದರೆ, ಮುರಾರಿಯ ತಾಯಿ ಹೇಳಿದ್ದರೆ ಅದು ಬೇರೆ ಕಥೆಯೇ ಆಗುತ್ತಿತ್ತು. ಮುಂದಾಳುಗಳಾದ ಬೇಸಾಯಗಾರರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಾಡು ಕಡಿದ ಯಜಮಾನನನ್ನು ಹೊಗಳುತ್ತಾರೆ. ಕೊಡಲಿಯ ಹಿಡಿಕೆ ಯಾರ ಕೈಯಲ್ಲಿತ್ತೆಂಬುದನ್ನು ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಕೆಳದಿಯವರ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ಅರಸರು ತಮ್ಮ ಬಿರುದಾವಳಿಯಲ್ಲಿ ‘ಎಡವಮುರಾರಿ’ ಎಂಬುದನ್ನು ಧರಿಸಿದರು. ಸಂಸ್ಕೃತದ ಕಿವಿಗೆ ಇದು ಯಾದವನಾದ ಮುರಾರಿ, ಅಂದರೆ ಶ್ರೀಕೃಷ್ಣ ಎಂದು ಕೇಳೀತು. ಪರಮಶೈವರಾದ ಅರಸರಿಗೆ ಆ ಬಿರುದು ಏಕೆ ಎಂದು ಪಂಡಿತನು ತಬ್ಬಿಬ್ಬಾದಾನು. ಮನೆತನದ ಐತಿಹ್ಯವು ಮಾತ್ರ ಅದು ಆ ಇಬ್ಬರು ಆಳುಗಳ ಹೆಸರೆಂದೇ ಹೇಳುತ್ತದೆ. ಕೋಟೆಕೋಲಾಹಲ ಮೊದಲಾದ ಬಿರುದುಗಳ ಜೊತೆಗೆ, ಶಾಸನಗಳಲ್ಲಿ, ದಾನಪತ್ರಗಳಲ್ಲಿ ಈ ಹೆಸರುಗಳು ಹೊರಟುವು. ಒಡೆಯನು ಮೂಲಪುರುಷನಾದ ಕಡೆ ಅವನ ಆಳುಗಳ ಹೆಸರು ಕಲ್ಲೇರಿದ ಇನ್ನೊಂದು ನಿದರ್ಶನ ನಮಗೆ ನೆನಪಾಗುವುದಿಲ್ಲ. ಪ್ರಾಣಕ್ಕೆ ಇದು ಬೆಲೆಯಾಯಿತೇ ಎಂದರೆ, ಆಗಲಿಲ್ಲ. ಸಾಸ್ವೆಹಳ್ಳಿಯ ಸಾಸಿವೆ ಹೊಲದವನಿಗೆ ಇಷ್ಟೂ ದೊರೆಯಲಿಲ್ಲವೆಂಬುದೂ ನಿಜ.

ಒಕ್ಕಲಿನ ರಕ್ತವು ಅರಮನೆಗೆ ಹೋದ ಮೇಲೆ ಹೊಲವನ್ನು ಮರೆಯಿತೇ ಎಂದು ನೋಡಬೇಕಾದರೆ ಶಿವಪ್ಪ ನಾಯಕನ ಕಾಲಕ್ಕೆ ಬರಬೇಕು. ಅವನು ಆಳಿದುದು 1645ರಿಂದ 1660ರವರೆಗೆ. ಅವನ ಶಿಸ್ತಿನ ಹೆಸರನ್ನು ಕೇಳದ ಮಲೆನಾಡಿಗನಿಲ್ಲ. ಶಿಸ್ತು ಎಂದರೆ ಇಲ್ಲಿ ನಮ್ಮ ಶಾಲೆಯ ಬೆತ್ತದ ಶಿಸ್ತಲ್ಲ; ಭೂಮಿಯ ಕಂದಾಯದ ಕಟ್ಟುಪಾಡು. ಹನ್ನೆರಡು ವರ್ಷಗಳ ಕಾಲ ಅವನು ಊರೂರಿನಲ್ಲಿ ಒಂದೊಂದು ತರದ ನೆಲದಲ್ಲಿ ಒಂದೊಂದು ಹೊಲವನ್ನು ಆರಿಸಿ, ತನ್ನ ಖರ್ಚಿನಿಂದಲೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ಖರ್ಚಾದುದೆಷ್ಟು, ಬೆಳೆದುದೆಷ್ಟು, ಅದರ ಕ್ರಯವೆಷ್ಟು ಎಂದು ಲೆಕ್ಕ ಬರೆಯಿಸಿದನು. ಒಳ್ಳೆಯ ವರ್ಷ ಕೆಟ್ಟ ವರ್ಷಗಳನ್ನು ಸೇರಿಸಿ ಸರಾಸರಿ ತೆಗೆದು, ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರವಾಗಿ ವಿಂಗಡಿಸಿ, ಬೆಳೆಯ ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಪಡಿಸಿದನು. ಹದಿನೈದು ವರ್ಷದ ರಾಜ್ಯಭಾರದಲ್ಲಿ ಹನ್ನೆರಡು ವರ್ಷ ಹೊಲದ ಪರೀಕ್ಷೆ! ಒಂದೇ ವರ್ಷದ ಸುಗ್ಗಿಯನ್ನು ನೋಡಿ ತೆರಿಗೆ ಕಟ್ಟುವುದು ಅಧಿಕಾರಿಗೆ ಸುಲಭ. ಬರದ ವರ್ಷವೂ ಬರುತ್ತದೆಂದು ಕಾದು ನೋಡಬೇಕೆಂಬ ಬುದ್ಧಿ ಕಣದಲ್ಲಿ ನಿಂತವರ ಮನೆಯವನಿಗೆ ಮಾತ್ರ ಹುಟ್ಟೀತು ಎಂದು ನಮ್ಮ ಅನಿಸಿಕೆ. ಮೂರರಲ್ಲೊಂದು ಪಾಲು ಇಂದಿನವರಿಗೆ ಹೆಚ್ಚೆಂದು ತೋರಬಹುದು. ರೈತನಿಗೆ ಹೊರೆ ಎಷ್ಟೆಂಬುದಕ್ಕಿಂತ, ನಾಳೆ ಎಷ್ಟಾಗುವುದೋ ಎಂಬ ಅಂಜಿಕೆಯೇ ಭಾರ. ಶಿಸ್ತು ಆ ಅಂಜಿಕೆಯನ್ನು ಇಳಿಸಿತು.

ಅಡಿಕೆಯ ತೋಟಕ್ಕೆ ಬೇರೆ ಅಳತೆ. ಅದನ್ನು ನೋಡಬೇಕಾದರೆ ಸಾಗರದ ಇನ್ನೊಂದು ಮಗ್ಗುಲಿನ ಇಕ್ಕೇರಿಗೆ ಹೋಗಬೇಕು. ನಾವು ಮಧ್ಯಾಹ್ನ ಅಲ್ಲಿಗೆ ಹೋದೆವು. ಕೆಳದಿಯವರು ತಮ್ಮ ರಾಜಧಾನಿಯನ್ನು ಮೊದಲು ಇಕ್ಕೇರಿಗೂ ಆಮೇಲೆ ಬಿದನೂರಿಗೂ ಸಾಗಿಸಿದವರು. ಇಕ್ಕೇರಿಯಲ್ಲಿ ಊರು ಹೋಗಿ ಅಘೋರೇಶ್ವರನ ಕಲ್ಲುಗುಡಿ ಉಳಿದಿದೆ. ಅದರ ನಡುವಣ ಕಂಬಗಳ ಅಂತರವನ್ನೇ ತೋಟದ ನೆಲವನ್ನು ಅಳೆಯುವ ಗಳುವಿಗೆ ಪ್ರಮಾಣವಾಗಿ ಇಟ್ಟಿದ್ದರು; ಇಂಗ್ಲಿಷ್ ಅಳತೆಯಲ್ಲಿ ಅದು ಹದಿನೆಂಟೂವರೆ ಅಡಿ. ಈ ಏರ್ಪಾಟಿನ ಜಾಣತನವನ್ನು ವಾಚಕರು ಗಮನಿಸಬೇಕು. ಮರದ ಗಳುವನ್ನು ಶಾನುಭೋಗನು ಮೊಟಕುಮಾಡಬಹುದು, ಅಳೆಯುವವನು ಬಗ್ಗಿಸಿ ಹಿಡಿಯಬಹುದು. ದೇವರ ಗುಡಿಯ ಕಂಬಗಳನ್ನು ಯಾರು ಸರಿಸಿಯಾರು? ಸಂದೇಹ ಬಂದ ತೋಟಿಗನು ಗುಡಿಗೆ ಬಂದು ತಾನೇ ಅಳೆದು ನೋಡಬಹುದಾಗಿತ್ತು. ನಾವೂ ಹೆಜ್ಜೆಯಿಟ್ಟು ಅಳೆದೆವು. ಅರವತ್ತು ವರ್ಷದ ಮೇಷ್ಟರು ಕಂಬದಿಂದ ಕಂಬಕ್ಕೆ ಎಣಿಸುತ್ತ ನಡೆದುದನ್ನು ಕಂಡು ಅಲ್ಲಿದ್ದ ಶಾಲೆಯ ಹುಡುಗಿಯರು ಬಾಯಿಗೆ ಸೆರಗಿನಂತೆ ಕೈಯಿಟ್ಟು ನಕ್ಕರು.

ಅದೇ ಗುಡಿಯ ನೆಲದ ಮೇಲೆ ಮೂವರು ನಾಯಕರು ಸಾಷ್ಟಾಂಗವೆರಗಿದಂತೆ ಕೆತ್ತಿದ್ದಾರೆ. ಅವರಲ್ಲೊಬ್ಬನಾದ ಹುಚ್ಚು ಸೋಮಶೇಖರನ ಕೈಕಾಲಿಗೆ ಬೇಡಿಯಿದೆ. ಮನೆತನವೆಂದ ಮೇಲೆ ಬುದ್ಧಿ ಕೆಟ್ಟವನೂ ಇರುತ್ತಾನೆ. ಅವನನ್ನು ವಂಶವೃಕ್ಷದಿಂದ ಕತ್ತರಿಸಿ ಹಾಕದೆ ದೇವರ ಮುಂದೆಯೇ ಮಲಗಿಸಿರುವುದು ನಮ್ಮ ಮನಸ್ಸಿಗೆ ಹಿಡಿಯಿತು. ಅವನ ರಾಣಿಯೇ ಚೆನ್ನಮ್ಮಾಜಿ. ಗಂಡನ ಕಾಲದಲ್ಲಿ ಕೆಟ್ಟ ಮನೆಯನ್ನು 1671ರ ಸುಮಾರಿನಿಂದ ಇಪ್ಪತ್ತೈದು ವರ್ಷ ಎತ್ತಿಹಿಡಿದು, ಓಡಿಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಇದಿರಿಸಿದಳು. ಅವಳ ಕಥೆಯನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಬಲ್ಲರಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು, ಮನೆತನ ಮುಗಿಯಿತು. ಆದರೆ ರೈತರ ನೆನಪಿನಲ್ಲಿ ಮುಗಿಯಲಿಲ್ಲ. 1830ರಲ್ಲಿ ಕಂದಾಯದ ಗುತ್ತಿಗೆದಾರರ ಮತ್ತು ಅಮಲ್ದಾರರ ಉಪದ್ರವವನ್ನು ತಾಳಲಾರದೆ ನಗರದ ಸೀಮೆಯ ರೈತರು ಕೂಟ ಕೂಡಿ ದಂಗೆಯೆದ್ದಾಗ, ಬೂದಿ ಬಸವಪ್ಪನೆಂಬವನು ತಾನು ಕೆಳದಿಯ ವಂಶದವನೆಂದು ಹೇಳಿಕೊಂಡು ಮುಂದೆ ಬಂದನು. ಜನ ಅವನ ಬೆನ್ನಿಗೆ ನಿಂತರು. ಈ ದಂಗೆಯ ನೆಪದಿಂದಲೇ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಮಹಾರಾಜರಿಂದ ತಮ್ಮ ಕೈಗೆ ತೆಗೆದುಕೊಂಡರು. ಬೂದಿ ಬಸವಪ್ಪನು ಸುಳ್ಳು ವಾರಸುದಾರನೆಂದು ಸರ್ಕಾರದವರು ಬರೆದರು. ಹಾಗೆಯೇ ಇರಲಿ, ಅರುವತ್ತೇಳು ವರ್ಷಗಳ ಹಿಂದೆ ಅಳಿದ ಮನೆಯ ಹೆಸರನ್ನು ಹೇಳಿದರೆ ರೈತರು ಕೂಡುವರೆಂದು ಅವನಿಗೆ ತಿಳಿದಿತ್ತಷ್ಟೆ. ರೈತರು ನೆನೆದುದು ಗಂಡಭೇರುಂಡವನ್ನಲ್ಲ, ಶಿಸ್ತನ್ನು.

ಎಡವ ಮುರಾರಿಗಳ ಕಡೆಯವರ ಕಥೆಯೋ, ಅದು ಸಾಗರದ ಹತ್ತಿರದ ಕಾಗೋಡಿನಲ್ಲಿ ಮುಂದುವರಿಯುತ್ತದೆ. ತಾವು ಉಳುವ ನೆಲಕ್ಕೆ ಗೇಣಿ ತೆರುತ್ತಿದ್ದ ದೀವರು ಮೊದಲಾದ ಒಕ್ಕಲುಗಳು, ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂದು 1951ರಲ್ಲಿ ಸತ್ಯಾಗ್ರಹ ಹೂಡಿದರು. ಗಣಪತಿಯಪ್ಪನವರು ಮುಂದಾಳು, ಶಾಂತವೇರಿ ಗೋಪಾಲಗೌಡರೇ ಮೊದಲಾದ ಸಮಾಜವಾದಿಗಳು ಬೆಂಬಲಕ್ಕೆ ಬಂದರು, ರಾಮಮನೋಹರ ಲೋಹಿಯಾ ಅವರೂ ಬಂದು ದಸ್ತಗಿರಿಯಾದರು. ಅರಸನು ಗಳುವಿಗೆ ಗುಡಿಯ ಕಂಬಗಳನ್ನು ಸಾಕ್ಷಿ ಇಟ್ಟ ನಾಡಿನಲ್ಲಿಯೇ ಕೊಳಗಕ್ಕೆ ಸಾಕ್ಷಿ ಇಲ್ಲದೆ ಹೋಯಿತು ನೋಡಿ! ಆ ಸಲ ರೈತರು ಗೆದ್ದರೆಂದು ಹೇಳಲಾಗದು. ಆದರೆ 1974ರಲ್ಲಿ ಭೂಸುಧಾರಣೆಯ ಕಾನೂನು ಜಾರಿಗೆ ಬಂದು ಗೇಣಿಯ ಪದ್ಧತಿ ಅಳಿಯಿತು. 1976ರಲ್ಲಿ ಜೀತವನ್ನೂ ಕಾನೂನು ತೆಗೆದುಹಾಕಿತು. ಸ್ಮೃತಿಯ ಪತ್ರದಲ್ಲಿ ಖಾಲಿ ಉಳಿದಿದ್ದ ಜಾಗದಲ್ಲಿ ಅನೇಕರ ಹೆಸರು ಆಗ ಮೊದಲ ಬಾರಿಗೆ ಪಹಣಿಯ ಅಂಕಣದಲ್ಲಿ ಬಿದ್ದಿತು.

ನಾವು ಹೋದುದು ಭೂಮಿಹುಣ್ಣಿಮೆಗೆ ಇನ್ನು ನಾಲ್ಕು ದಿನವಿರುವಾಗ. ಅಲ್ಲಿಯ ಒಂದು ದೀವರ ಮನೆಯ ಜಗಲಿಯಲ್ಲಿ ಅತ್ತೆ ಸೊಸೆಯರಿಬ್ಬರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದು ಒಣಗಿಸಿದ ಬಿದಿರಿನ ಬುಟ್ಟಿ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಗೆರೆ, ಪುಂಡಿನಾರಿನ ಕುಂಚ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಎದ್ದು ಬಗೆಬಗೆಯ ಸೊಪ್ಪುಗಳ ಹಚ್ಚಂಬಲಿಯನ್ನೂ ಕಡುಬು ಮೊದಲಾದುವನ್ನೂ ಮಾಡಿ, ಬೆಳಕು ಹರಿಯುವ ಮುನ್ನ ಈ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ, ತೆನೆಗಟ್ಟುತ್ತಿರುವ ಭೂಮಿಯನ್ನು ಬಸುರಿ ಹೆಂಗಸೆಂದು ಭಾವಿಸಿ ಬಯಕೆಯ ಊಟ ಬಡಿಸುವರು. ಹಚ್ಚಂಬಲಿಯನ್ನು ಗದ್ದೆಗೆಲ್ಲ ಬೀರುವರು. ಒಂದು ಪಾಲನ್ನು ಮಣ್ಣಿನಲ್ಲಿ ಹೂಳುವರು.

“ಈ ಗದ್ದೆ ನಿಮ್ಮದೇ ಏನಮ್ಮ?” ಎಂದು ನಾವು ಕೇಳಿದೆವು.

“ಹೌದು ಸ್ವಾಮಿ. ನಮ್ಮ ಮಾವನ ಕಾಲದಲ್ಲಿ ಆತು” ಎಂದು ಮುದುಕಿ ಹೇಳಿ, ಸೊಸೆಯ ಗೆ‌ರೆ ಸೊಟ್ಟಗಾದುದನ್ನು ಹೆಬ್ಬೆರಳಿನಿಂದ ಒರೆಸಿ, ಕುಂಚವನ್ನು ತಾನು ತೆಗೆದುಕೊಂಡಳು.